ವಿಳಾಸ ಕಳಿಸಿದರೆ ಮುಗಿಯಿತೇ?

ಯಾರಾದರೂ ‘ಕುಡಿತ ಬಿಡಬೇಕು’ ಎಂದು ಬಾಯಿಬಿಟ್ಟರೆ ಸಾಕು, ನಾವು ಮೊಬೈಲ್ ತೆಗೆದು ಹತ್ತಿರದಲ್ಲಿ ಎಎ (ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಡಬೇಕೆನ್ನುವವರು ಒಬ್ಬರಿಗೊಬ್ಬರು ನೆರವಾಗುವ ಕೂಟ) ಸಭೆ ಎಲ್ಲಿ ನಡೆಯುತ್ತದೆ ಎಂದು ಹುಡುಕುತ್ತೇವೆ. ವಿಳಾಸ ಕಳಿಸಿ ಕೈತೊಳೆದುಕೊಳ್ಳುತ್ತೇವೆ. ವಾರ ಬಿಟ್ಟು ‘ಹೋಗಿದ್ದೆಯಾ?’ ಎಂದು ಕೇಳುತ್ತೇವೆ. ಇಲ್ಲ ಎಂದರೆ ‘ಅವನಿಗೇ ಮನಸ್ಸಿಲ್ಲ, ಯಾರೇನು ಮಾಡಲಿಕ್ಕಾಗುತ್ತದೆ’ ಎಂದು ತೀರ್ಪು ಕೊಟ್ಟುಬಿಡುತ್ತೇವೆ. ಈ ತೀರ್ಪಿನ ಬಗ್ಗೆ ನನಗೆ ತಕರಾರಿದೆ. ನಮ್ಮ ಮನೆಯಲ್ಲೂ ಒಬ್ಬರು ಈ ದಾರಿಯಲ್ಲಿ ನಡೆಯುತ್ತಿದ್ದಾರೆ. ಯಾರೆಂದು ಬರೆಯುವುದಿಲ್ಲ, ಹೇಳುವ ಹಕ್ಕು ಅವರದು.

ಆಲ್ಕೊಹಾಲಿಕ್ಸ್ ಅನಾನಿಮಸ್ ಹುಟ್ಟಿದ ಬಗೆಯನ್ನೇ ನೋಡಿ. 1935ರ ಮೇ ತಿಂಗಳು. ಕೆಲವೇ ತಿಂಗಳ ಹಿಂದೆ ಕುಡಿತ ಬಿಟ್ಟಿದ್ದ ಬಿಲ್ ವಿಲ್ಸನ್, ವ್ಯವಹಾರವೊಂದು ಕೈಕೊಟ್ಟ ಬೇಸರದಲ್ಲಿ ಅಮೆರಿಕದ ಆಕ್ರನ್ ನಗರದ ಹೋಟೆಲೊಂದರಲ್ಲಿ ನಿಂತಿದ್ದ. ಒಂದು ಕಡೆ ಬಾರ್, ಇನ್ನೊಂದು ಕಡೆ ಟೆಲಿಫೋನ್. ಅವನು ಚರ್ಚುಗಳ ಪಟ್ಟಿ ಹಿಡಿದು ಪಾದ್ರಿಗಳಿಗೆ ಫೋನ್ ಮಾಡತೊಡಗಿದ. ಕೇಳಿದ್ದು ಉಪದೇಶವನ್ನಲ್ಲ, ತನ್ನಂಥದೇ ಇನ್ನೊಬ್ಬ ಕುಡುಕನನ್ನು. ಹಾಗೆ ಸಿಕ್ಕವರು ಶಸ್ತ್ರವೈದ್ಯ ಡಾ. ಬಾಬ್ ಸ್ಮಿತ್. ಹದಿನೈದು ನಿಮಿಷ ಮಾತ್ರ ಕೂರುತ್ತೇನೆ ಎಂದು ಬಂದವರು ಗಂಟೆಗಟ್ಟಲೆ ಕುಳಿತರು. ಅವರು ಕೊನೆಯ ಬಾರಿ ಕುಡಿದ ದಿನವೆನ್ನುವ ಜೂನ್ 10ನ್ನೇ ಎಎ ತನ್ನ ಹುಟ್ಟಿದ ದಿನವೆಂದು ಎಣಿಸುತ್ತದೆ. ಮೊದಲು ಸಿಕ್ಕಿದ್ದು ಮನುಷ್ಯ, ಸಭೆ ಆಮೇಲೆ ಬಂತು.

ಆದ್ದರಿಂದ ವಿಳಾಸ ಹುಡುಕುವ ಬದಲು ಫೋನ್ ಮಾಡಿ. ಎಎ ಸಹಾಯವಾಣಿಯ ಆ ತುದಿಯಲ್ಲಿರುವವರು ಹೆಚ್ಚಾಗಿ ತಾವೂ ಹಿಂದೆ ಕುಡಿಯುತ್ತಿದ್ದು ಈಗ ಬಿಟ್ಟವರೇ. ಪಟ್ಟಿಯಲ್ಲಿರುವ ಸಭೆ ಈಗಲೂ ಅದೇ ಸಮಯಕ್ಕೆ ನಡೆಯುತ್ತದೆಯೇ, ಯಾವ ಭಾಷೆಯಲ್ಲಿ, ಮನೆಯವರೂ ಬರಬಹುದಾದ ಮುಕ್ತ ಸಭೆಯೇ ಅಥವಾ ಕುಡಿತ ಬಿಡಬೇಕೆನ್ನುವವರಿಗೆ ಮಾತ್ರವೇ ಎಂದು ಕೇಳಿ. ಬಾಗಿಲಲ್ಲಿ ಯಾರಾದರೂ ನಿಂತಿರುತ್ತಾರೆಯೇ ಎಂದು ಮರೆಯದೆ ಕೇಳಿ. ನನ್ನ ಲೆಕ್ಕದಲ್ಲಿ ಇದಕ್ಕಿಂತ ಮುಖ್ಯವಾದ ಪ್ರಶ್ನೆ ಬೇರೆ ಇಲ್ಲ.

ಏಕೆಂದರೆ ಬಾಗಿಲೇ ಕಷ್ಟ. ನಮ್ಮವರು ಗೇಟು ದಾಟಿ ಮುಂದೆ ಹೋದರು, ಹಿಂತಿರುಗಿದರು, ಮೊಬೈಲ್ ನೋಡುತ್ತಾ ದಾರಿ ತಪ್ಪಿದವರಂತೆ ನಿಂತರು. ಹೊರಗೆ ಬೋರ್ಡು ಇರಲಿಲ್ಲ. ಇಸ್ತ್ರಿ ಮಾಡಿದ ಅಂಗಿಯ ಹಿರಿಯರೊಬ್ಬರು ಮೆಟ್ಟಿಲಿಳಿದು ಬಂದು ‘ಹೊಸಬರೇ? ಬನ್ನಿ. ಮಾತನಾಡಲೇಬೇಕೆಂದೇನಿಲ್ಲ, ಸುಮ್ಮನೆ ಕುಳಿತಿರಿ’ ಎಂದರು. ಪೂರ್ತಿ ಹೆಸರು ಕೇಳಲಿಲ್ಲ, ಎಷ್ಟು ಕುಡಿಯುತ್ತೀರಿ ಎಂದೂ ಕೇಳಲಿಲ್ಲ. ಸದಸ್ಯತ್ವಕ್ಕೆ ಬೇಕಾದುದು ಕುಡಿತ ಬಿಡುವ ಇಚ್ಛೆಯೊಂದೇ. ಶುಲ್ಕವಿಲ್ಲ. ಖರ್ಚಿಗೆಂದು ಸಂಗ್ರಹಪೆಟ್ಟಿಗೆ ಕೈಯಿಂದ ಕೈಗೆ ಹೋಗುತ್ತದೆ, ಹೊಸಬರು ಹಾಗೆಯೇ ಮುಂದೆ ದಾಟಿಸಿದರೆ ಯಾರೂ ಏನೂ ಅಂದುಕೊಳ್ಳುವುದಿಲ್ಲ.

ಇಷ್ಟಾದರೂ ಮೊದಲ ಸಭೆ ಹಿಡಿಸದೇ ಹೋಗಬಹುದು. ಪ್ರತಿ ಗುಂಪೂ ಸ್ವತಂತ್ರ, ಒಂದರ ಗಾಳಿ ಇನ್ನೊಂದರಲ್ಲಿ ಇರುವುದಿಲ್ಲ. ಒಂದು ಕಡೆ ಒಬ್ಬರೇ ಕೊರೆದು ಸಮಯವನ್ನೆಲ್ಲ ನುಂಗುತ್ತಾರೆ (ಅಂಥವರು ಎಲ್ಲ ಸಭೆಗಳಲ್ಲೂ ಇರುತ್ತಾರೆ, ಕುಡಿತಕ್ಕೂ ಅದಕ್ಕೂ ಸಂಬಂಧವಿಲ್ಲ). ಇನ್ನೊಂದು ಕಡೆ ಸಂಕೋಚವಿಲ್ಲದೆ ಮಾತು ಬರುತ್ತದೆ. ಒಂದನ್ನು ನೋಡಿ ಎಲ್ಲದಕ್ಕೂ ಮೂಗು ಮುರಿಯಬಾರದು. ಕುಡಿತದಿಂದ ಹೊರಬರಲು ಎಎ ಹೇಳುವ ಹನ್ನೆರಡು ಹೆಜ್ಜೆಗಳಲ್ಲಿ ಮತ್ತೆ ಮತ್ತೆ ಬರುವ ದೇವರ ಮಾತು ಒಗ್ಗದವರೂ ಇದ್ದಾರೆ. ಅದು ತಪ್ಪಿಸಿಕೊಳ್ಳುವ ನೆಪ ಎಂದು ನಾನು ಒಪ್ಪುವುದಿಲ್ಲ. ಅವರಿಗೆ 1994ರಲ್ಲಿ ಶುರುವಾದ, ಯೋಚನೆ ಮತ್ತು ನಡವಳಿಕೆಯನ್ನು ಬದಲಿಸುವ ಮನಶ್ಶಾಸ್ತ್ರದ ವಿಧಾನಗಳನ್ನು ಆಧರಿಸಿದ ಸ್ಮಾರ್ಟ್ ರಿಕವರಿ ಇದೆ. ಮಹಿಳೆಯರಿಗೆಂದೇ 1975ರಲ್ಲಿ ಹುಟ್ಟಿದ ವಿಮೆನ್ ಫಾರ್ ಸೊಬ್ರೈಟಿ ಇದೆ.

‘ಬರೀ ಮಾತುಕತೆಯಿಂದ ಏನಾಗುತ್ತದೆ?’ ಎನ್ನುವವರಿಗೆ: 2020ರಲ್ಲಿ, ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆ 27 ಅಧ್ಯಯನಗಳನ್ನು, ಅವುಗಳಲ್ಲಿದ್ದ ಹತ್ತು ಸಾವಿರಕ್ಕೂ ಹೆಚ್ಚು ಜನರ ಮಾಹಿತಿಯನ್ನು ಪರಿಶೀಲಿಸಿತು. ಪೂರ್ತಿ ಕುಡಿಯದೇ ಇರುವ ವಿಷಯದಲ್ಲಿ, ಎಎಗೆ ಜೋಡಿಸುವ ವ್ಯವಸ್ಥಿತ ಚಿಕಿತ್ಸೆಗಳು ಇತರ ಹೆಸರಾಂತ ಚಿಕಿತ್ಸೆಗಳಿಗಿಂತ ಮುಂದಿದ್ದವು.

ಆದರೆ ಸಭೆ ಆಸ್ಪತ್ರೆಯಲ್ಲ. ಎಷ್ಟೋ ಮನೆಗಳಲ್ಲಿ ಇವತ್ತೇ ಆಣೆ ಹಾಕಿಸಿ, ಬಾಟಲಿ ಒಡೆದು, ನಾಳೆ ಸಭೆಗೆ ಕಳಿಸುವ ಉತ್ಸಾಹ ಇರುತ್ತದೆ. ದಿನವೂ ವಿಪರೀತ ಕುಡಿಯುತ್ತಿದ್ದವರು ಒಮ್ಮೆಲೇ ನಿಲ್ಲಿಸಿದರೆ ಕೆಲವೇ ಗಂಟೆಗಳಲ್ಲಿ ಕೈ ನಡುಗತೊಡಗುತ್ತದೆ, ಬೆವರು ಕಿತ್ತುಬರುತ್ತದೆ. ಮೊದಲೆರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡು ಮೂರು ದಿನಕ್ಕೆ ಇಲ್ಲದ್ದು ಕಾಣುವುದು, ದಿಕ್ಕುತಪ್ಪಿದಂತೆ ಮಾತನಾಡುವುದು ಶುರುವಾಗಬಹುದು. ಇದು ನಾಟಕವಲ್ಲ, ಹಟವೂ ಅಲ್ಲ, ಜೀವವನ್ನೇ ತೆಗೆಯಬಲ್ಲ ಸ್ಥಿತಿ. ಅಂಥವರು ಮೊದಲು ವೈದ್ಯರನ್ನು ಕಾಣಬೇಕು. ಸಭೆ ಒಂದು ವಾರ ತಡವಾದರೆ ಆಕಾಶ ಕಳಚಿ ಬೀಳುವುದಿಲ್ಲ.

ಇನ್ನು ಸ್ನೇಹಿತರು, ಬಂಧುಗಳು. ಬಾಗಿಲವರೆಗೆ ಜೊತೆಗೆ ಹೋಗಿ. ಮುಕ್ತ ಸಭೆಯಲ್ಲದಿದ್ದರೆ ಹೊರಗೆ ಕಾಯಿರಿ. ಬಂದಮೇಲೆ ‘ಏನು ಹೇಳಿದರು, ಯಾರು ಯಾರಿದ್ದರು?’ ಎಂದು ಕೆದಕಬೇಡಿ. ಒಳಗೆ ಕೇಳಿದ್ದು ಒಳಗೇ ಉಳಿಯುತ್ತದೆಂಬ ನಂಬಿಕೆಯ ಮೇಲೆಯೇ ಆ ಕುರ್ಚಿಗಳು ತುಂಬುತ್ತವೆ. ನಿಮಗೂ ಯಾರ ಬಳಿಯಾದರೂ ಹೇಳಿಕೊಳ್ಳಬೇಕೆನಿಸಿದರೆ ಅಲ್-ಅನಾನ್ ಇದೆ. ಬಿಲ್ ಅವರ ಪತ್ನಿ ಲೋಯಿಸ್ ಮತ್ತು ಗೆಳತಿ ಸೇರಿ 1951ರಲ್ಲಿ ಮನೆಯವರಿಗೆಂದೇ ಕಟ್ಟಿದ್ದು. ಕುಡಿಯುವವರು ಬಿಟ್ಟಿರಲಿ, ಬಿಡದಿರಲಿ, ಚಿಕಿತ್ಸೆಗೆ ಒಪ್ಪದೆಯೇ ಇರಲಿ, ನೀವು ಅಲ್ಲಿಗೆ ಹೋಗಬಹುದು. ಅದಕ್ಕೆ ಅವರ ಒಪ್ಪಿಗೆಯೂ ಬೇಕಿಲ್ಲ.