ದೆವ್ವಕ್ಕೂ ಒಂದು ಪ್ರಶ್ನೆ ಇರಲಿ

ನಮ್ಮ ಬಳ್ಳಾರಿಯ ಯೂಟ್ಯೂಬ್ ಚಾನೆಲ್ ಒಂದರಲ್ಲಿ ದೆವ್ವ ಕಂಡವರ ಸಂದರ್ಶನ ನೋಡಿ ತಲೆ ಕೆಟ್ಟುಹೋಯಿತು. ಸಂಡೂರು ರಸ್ತೆಯಲ್ಲಿ ನಡುರಾತ್ರಿ ಬಿಳಿ ಸೀರೆಯವಳು ಅದಿರು ಲಾರಿಗೆ ಕೈ ಅಡ್ಡ ಹಿಡಿದಳಂತೆ. ಸಂದರ್ಶಕರು ಕಣ್ಣರಳಿಸಿ "ಅಬ್ಬಾ! ಆಮೇಲೆ?" ಅಂದರು, ಅಷ್ಟೇ. ಜೊತೆಗೆ ಯಾರಿದ್ದರು? ಎಷ್ಟು ಹೊತ್ತಿನಿಂದ ನಿದ್ದೆಗೆಟ್ಟು ಗಾಡಿ ಓಡಿಸ್ತಿದ್ದಿರಿ? ಒಂದೂ ಕೇಳಲಿಲ್ಲ. ಆ ಡ್ರೈವರಣ್ಣನನ್ನು ಸುಳ್ಳ ಅನ್ನಬೇಕಿಲ್ಲ. ಪಾಪ, ನಿಜವಾಗಿಯೂ ಹೆದರಿರಬಹುದು. ಆದರೆ ಕೇಳೋದು ಅವಮಾನ ಅಲ್ವಲ್ಲ! 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು ಅಲ್ಲಿ ಪವಾಡಗಳ ತನಿಖೆಗೆ ಸಮಿತಿಯನ್ನೇ ಮಾಡಿದ್ದರು. ಈ ಸಂದರ್ಶಕರಿಗೆ ಒಂದು ಮರುಪ್ರಶ್ನೆಗೂ ಬರ. ಹೋದ ವಾರ ಇದೇ ಸಂದರ್ಶಕರು, ನಕಲಿ ಮೆಣಸಿನಕಾಯಿ ಬೀಜದಿಂದ ಬೆಳೆ ಹೋಯ್ತು ಅಂದ ರೈತನಿಗೆ "ರಸೀದಿ ಎಲ್ಲಿ, ತೋರಿಸಿ" ಅಂತ ಜೋರು ಮಾಡಿದ್ದರು.