ಇಲ್ಲದ ಹಣಕ್ಕೆ ಶೇಕಡಾ 30ರ ತೆರಿಗೆ

ನೂರು ರೂಪಾಯಿ ನೋಟನ್ನು ಬೆಳಕಿಗೆ ಹಿಡಿದು ನೋಡುವವರು ಅಸಲಿಯೋ ನಕಲಿಯೋ ಎಂದು ಪರೀಕ್ಷಿಸುತ್ತಾರೆಯೇ ಹೊರತು, ಅದರ ಮೇಲೆ ರಿಸರ್ವ್ ಬ್ಯಾಂಕಿನ ಗವರ್ನರರು ಸಹಿ ಹಾಕಿ ಕೊಟ್ಟಿರುವ ಮಾತನ್ನು ಓದುವುದಿಲ್ಲ. ನೋಟು ತಂದವರಿಗೆ ನೂರು ರೂಪಾಯಿ ಕೊಡುತ್ತೇನೆಂಬುದು ಆ ವಚನ. ಅದನ್ನು ನಂಬಿ ಮುಂಬಯಿಗೆ ಹೋದವರಿಗೆ ಸಿಗುವುದು ಇನ್ನೊಂದು ನೂರರ ನೋಟು, ಹೆಚ್ಚೆಂದರೆ ಚಿಲ್ಲರೆ. ಆದರೂ ಅದು ಚಲಾವಣೆಯಲ್ಲಿದೆ, ಏಕೆಂದರೆ ವಚನದ ಹಿಂದೆ ಸರ್ಕಾರವಿದೆ. ಅದೇ ಸರ್ಕಾರ 2016ರ ನವೆಂಬರ್ 8ರ ರಾತ್ರಿ ಟಿವಿಯಲ್ಲಿ ಬಂದು 500 ಮತ್ತು 1000ದ ನೋಟುಗಳು ಇನ್ನು ನಡೆಯುವುದಿಲ್ಲ ಎಂದಾಗ ವಚನವೇನಾಯಿತೆಂದು ಕೇಳಲು ಯಾರಿಗೂ ಪುರುಸೊತ್ತಿರಲಿಲ್ಲ. ಎಲ್ಲರೂ ಬ್ಯಾಂಕಿನ ಮುಂದೆ ಸಾಲುಗಟ್ಟಿದ್ದರು.

ಕಂಪ್ಯೂಟರುಗಳಲ್ಲಷ್ಟೇ ಇರುವ ಬಿಟ್‌ಕಾಯಿನ್ ಎಂಬ ಹಣದಲ್ಲಿ ಈ ತಾಪತ್ರಯವಿಲ್ಲ. ಸಟೋಶಿ ನಾಕಾಮೊಟೊ ಎಂಬ ಹೆಸರಿನ ಹಿಂದೆ ಅಡಗಿರುವ ಯಾರೋ 2009ರಲ್ಲಿ ಆರಂಭಿಸಿದ ಈ ನಾಣ್ಯಕ್ಕೆ ಗವರ್ನರರೂ ಇಲ್ಲ, ಸಹಿಯೂ ಇಲ್ಲ. ವಚನವನ್ನೇ ಕೊಡದವರು ವಚನಭ್ರಷ್ಟರಾಗುವುದೂ ಇಲ್ಲ. ಒಟ್ಟು 2.1 ಕೋಟಿಗಿಂತ ಹೆಚ್ಚು ನಾಣ್ಯಗಳು ಹುಟ್ಟುವಂತಿಲ್ಲವಾದ್ದರಿಂದ ಯಾವ ಮಂತ್ರಿಯೂ ಚುನಾವಣೆಗೆ ಮುನ್ನ ಇದನ್ನು ಹೆಚ್ಚುವರಿಯಾಗಿ ಅಚ್ಚು ಹಾಕಿಸಲಾರ. ಸರ್ಕಾರಿ ಹಣದ ಕಾಲ ಮುಗಿಯಿತೆಂದು ಸಾರುವ ಇದರ ಭಕ್ತರು ಬೆಳಗೆದ್ದು ಮೊದಲು ನೋಡುವುದು ಮಾತ್ರ ಇವತ್ತು ಅದಕ್ಕೆ ಎಷ್ಟು ರೂಪಾಯಿ ಎಂಬುದನ್ನೇ.

ಇಂಥ ವಸ್ತುವನ್ನು ಏನು ಮಾಡಬೇಕೆಂದು ನಮ್ಮ ವ್ಯವಸ್ಥೆ ಬಹಳ ಕಾಲ ತಲೆ ಕೆಡಿಸಿಕೊಂಡಿತು. 2018ರ ಏಪ್ರಿಲ್‌ನಲ್ಲಿ ರಿಸರ್ವ್ ಬ್ಯಾಂಕು ಇದರ ವ್ಯಾಪಾರಿಗಳ ಜೊತೆ ವ್ಯವಹರಿಸಕೂಡದೆಂದು ಬ್ಯಾಂಕುಗಳಿಗೆ ಕಟ್ಟಪ್ಪಣೆ ಮಾಡಿತು. ಅದೇ ವರ್ಷ ಬೆಂಗಳೂರಿನ ಮಾಲೊಂದರಲ್ಲಿ ಕ್ರಿಪ್ಟೊ (ಬಿಟ್‌ಕಾಯಿನ್ ಮತ್ತು ಅದರ ಜಾತಿಯ ನಾಣ್ಯಗಳು) ವ್ಯವಹಾರಕ್ಕಾಗಿ ಎಟಿಎಂ ಮಾದರಿಯ ಯಂತ್ರವೊಂದು ಕಾಣಿಸಿಕೊಂಡಾಗ ಪೊಲೀಸರು ಬಂದು ಯಂತ್ರವನ್ನೇ ಹೊತ್ತೊಯ್ದರು. 2020ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟು ರಿಸರ್ವ್ ಬ್ಯಾಂಕಿನ ಅಪ್ಪಣೆಯನ್ನು ರದ್ದುಗೊಳಿಸಿತು.

ಆಮೇಲೆ ಬಂದದ್ದು 2022ರ ಫೆಬ್ರವರಿ. ಆ ತಿಂಗಳ ಮೊದಲ ದಿನ ಬಜೆಟ್ ಮಂಡಿಸಿದ ಹಣಕಾಸು ಸಚಿವೆ, ಕರ್ನಾಟಕದಿಂದಲೇ ರಾಜ್ಯಸಭೆಗೆ ಹೋಗಿರುವ ನಿರ್ಮಲಾ ಸೀತಾರಾಮನ್ ಅವರು, ಕ್ರಿಪ್ಟೊ ಲಾಭಕ್ಕೆ ಶೇಕಡಾ 30ರ ತೆರಿಗೆ ವಿಧಿಸಿದರು. ಹತ್ತು ದಿನ ಕಳೆಯುವುದರೊಳಗೆ ಗವರ್ನರ್ ಶಕ್ತಿಕಾಂತ ದಾಸ್ ಅವರು, ಇದಕ್ಕೆ ಆಧಾರವೇ ಇಲ್ಲ, ಒಂದು ಟ್ಯುಲಿಪ್ ಹೂವಿನಷ್ಟೂ ಇಲ್ಲ ಎಂದರು. (ಹದಿನೇಳನೆಯ ಶತಮಾನದ ಹಾಲೆಂಡಿನಲ್ಲಿ ಟ್ಯುಲಿಪ್ ಗೆಡ್ಡೆಗಳ ಬೆಲೆ ಹುಚ್ಚಾಪಟ್ಟೆ ಏರಿ ಕುಸಿದಿತ್ತು.) ತೆರಿಗೆ ಹಾಕಿದ ಮಾತ್ರಕ್ಕೆ ಕಾನೂನಿನ ಮಾನ್ಯತೆ ಸಿಕ್ಕಿತೆಂದು ಭಾವಿಸಬೇಡಿ ಎಂದು ಸಚಿವೆಯೂ ಸದನದಲ್ಲಿ ಸ್ಪಷ್ಟಪಡಿಸಿದರು. ಹುಡುಗ ನಮ್ಮ ಮನೆಯವನಲ್ಲ, ಆದರೆ ಅವನ ಸಂಬಳ ಮಾತ್ರ ನಮ್ಮ ಮನೆಗೇ ಬರಬೇಕು ಎಂಬ ಯಜಮಾನಿಕೆ ಇದು.

ತೆರಿಗೆಯ ಒಳಗುಟ್ಟು ಇನ್ನೂ ಸೊಗಸಾಗಿದೆ. ಒಬ್ಬರು ಒಂದು ನಾಣ್ಯದಲ್ಲಿ ಲಕ್ಷ ರೂಪಾಯಿ ಗಳಿಸಿ, ಇನ್ನೊಂದರಲ್ಲಿ ಲಕ್ಷ ರೂಪಾಯಿ ಕಳೆದುಕೊಂಡರು ಎನ್ನಿ. ಅಂಗಡಿಯ ಲೆಕ್ಕದಲ್ಲಿ ಇದು ಸೊನ್ನೆ. ಆದಾಯ ತೆರಿಗೆಯ ಲೆಕ್ಕದಲ್ಲಿ ಗಳಿಸಿದ ಲಕ್ಷ ಅಸಲಿ, ಕಳೆದುಕೊಂಡ ಲಕ್ಷ ಮಾಯೆ. ಸೆಸ್ ಸೇರಿ 31,200 ರೂಪಾಯಿ ಕಟ್ಟಬೇಕು. ನಷ್ಟವನ್ನು ಮುಂದಿನ ವರ್ಷಕ್ಕೆ ಒಯ್ಯೋಣವೆಂದರೆ ಅದಕ್ಕೂ ಅವಕಾಶವಿಲ್ಲ. (ಷೇರುಪೇಟೆಯಲ್ಲಿ ನಷ್ಟವಾದವರಿಗೆ ಈ ಸೌಲಭ್ಯವಿದೆ, ಅವರ ಮೇಲೆ ಸರ್ಕಾರಕ್ಕೆ ಮರುಕವಿರಬೇಕು.) ಜೊತೆಗೆ ಮಾರಿದಾಗಲೆಲ್ಲ ಮಾರಾಟದ ಮೊತ್ತದ ಮೇಲೆ ಶೇಕಡಾ 1ರ ಟಿಡಿಎಸ್ (ಹಣ ಕೈಗೆ ಬರುವ ಮೊದಲೇ ಕಡಿತವಾಗುವ ತೆರಿಗೆ), ಲಾಭವೋ ನಷ್ಟವೋ ಎಂದು ಅದು ಕೇಳುವುದೂ ಇಲ್ಲ.

ಇದರಿಂದ ಕ್ರಿಪ್ಟೊ ಉದ್ಯಮ ಸಿಡಿದೆದ್ದು ಸರ್ಕಾರಗಳಿಲ್ಲದ ಲೋಕಕ್ಕೆ ಹೊರಟುಹೋಯಿತೆಂದು ಯಾರಾದರೂ ಊಹಿಸಿದ್ದರೆ ಅದು ತಪ್ಪು. ಸರ್ಕಾರದ ಹಂಗೇ ಬೇಡವೆಂದು ಹುಟ್ಟಿದ ಹಣದ ವ್ಯಾಪಾರಿಗಳು ಈಗ ಬಜೆಟ್ಟಿನ ಹಂಗಾಮು ಬಂತೆಂದರೆ ದೆಹಲಿಯ ಹಣಕಾಸು ಸಚಿವಾಲಯಕ್ಕೆ ಮನವಿಪತ್ರ ಸಲ್ಲಿಸುತ್ತಾರೆ. ಟಿಡಿಎಸ್ಸನ್ನು ಶೇಕಡಾ 0.01ಕ್ಕೆ ಇಳಿಸಿ, ನಮಗೂ ಒಂದು ನಿಯಂತ್ರಣ ಕಾಯಿದೆ ಮಾಡಿಕೊಡಿ ಎಂಬುದು ಅವರ ಕೋರಿಕೆ.