ಸ್ಪಷ್ಟನೆ: ಪಾತ್‌ಗೆ ಫೋಲ್ಡರ್ ಸೇರಿಸಲು ಸೆಟ್‌ಎಕ್ಸ್ ಬೇಡ

ಪುಣೆಯ ಹಿಂಜವಡಿಯಲ್ಲಿ ಕೆಲಸಕ್ಕಿರುವ ನಮ್ಮ ಕನ್ನಡದ ಹುಡುಗರ ವಾಟ್ಸ್ಆಪ್ ಗುಂಪುಗಳಲ್ಲಿ ಒಂದು ಸಲಹೆ ಓಡಾಡುತ್ತಿದೆ: ವಿಂಡೋಸ್‌ನಲ್ಲಿ ಪಾತ್‌ಗೆ (ಪ್ರೋಗ್ರಾಮ್‌ಗಳನ್ನು ಹುಡುಕಬೇಕಾದ ಫೋಲ್ಡರ್‌ಗಳ ಪಟ್ಟಿ) ಫೋಲ್ಡರ್ ಸೇರಿಸಲು ಸೆಟ್‌ಎಕ್ಸ್ (ಇಂಥ ಸೆಟ್ಟಿಂಗ್‌ಗಳನ್ನು ಕಾಯಂ ಆಗಿ ಉಳಿಸುವ ಕಮಾಂಡ್) ಬಳಸಿ, ಶೇಕಡಾ ಚಿಹ್ನೆಗಳ ನಡುವೆ ಪಾತ್ ಬರೆದು, ಅರ್ಧವಿರಾಮದ ಮುಂದೆ ಹೊಸ ಫೋಲ್ಡರ್ ಕೊಟ್ಟರೆ ಸಾಕಂತೆ. ದಯವಿಟ್ಟು ಹಾಗೆ ಮಾಡಬೇಡಿ.

ಸೆಟ್‌ಎಕ್ಸ್ 1024 ಅಕ್ಷರಗಳಿಗೆ ಪಾತ್‌ನ ಮೌಲ್ಯವನ್ನು ಕತ್ತರಿಸುತ್ತದೆ. ಬಾಲದಲ್ಲಿದ್ದ ಫೋಲ್ಡರ್‌ಗಳು ಹೋದವೆಂದೇ ಲೆಕ್ಕ. ಸಿಸ್ಟಮ್ ಪಾತ್ ಕೂಡ ಬಳಕೆದಾರರ ಪಾತ್‌ನೊಳಗೆ ನಕಲಾಗುತ್ತದೆ. ಇನ್ನೂ ಕೆಟ್ಟದ್ದು, ಪಾತ್‌ನೊಳಗೆ ಶೇಕಡಾ ಚಿಹ್ನೆಗಳ ನಡುವೆ ಹೆಸರಷ್ಟೇ ಬರೆದಿದ್ದ ಚರಾಂಶಗಳು (ವೇರಿಯಬಲ್‌ಗಳು) ಅಲ್ಲೇ ವಿಸ್ತರಣೆಯಾಗಿ ಗಟ್ಟಿಯಾಗುವುದು. ನಿಮ್ಮ ಪಾತ್‌ನಲ್ಲಿ ಜಾವಾ ಹೋಮ್‌ನ (ಜಾವಾ ಎಲ್ಲಿದೆ ಎಂದು ಹೇಳುವ ಚರಾಂಶ) ಬಿನ್ ಎಂದಿದ್ದದ್ದು ಜೆಡಿಕೆ (ಜಾವಾ ಅಭಿವೃದ್ಧಿ ಕಿಟ್) 17ರ ಪೂರ್ತಿ ವಿಳಾಸವಾಗಿಬಿಡುತ್ತದೆ. ಮುಂದೆ ಜಾವಾ ಹೋಮ್ ಅನ್ನು 21ಕ್ಕೆ ಬದಲಿಸಿದರೂ ಓಡುವುದು 17ನೇ.

ಪ್ರೋಗ್ರಾಮ್‌ನಿಂದ ಮಾಡುವುದಾದರೆ ರಿಜಿಸ್ಟ್ರಿಯಲ್ಲಿ (ವಿಂಡೋಸ್‌ನ ಸೆಟ್ಟಿಂಗ್‌ಗಳ ಕಡತಕೋಶ) ಎಚ್‌ಕೆಸಿಯು (ಈಗಿನ ಬಳಕೆದಾರರ ಭಾಗ) ಅಡಿಯ ಎನ್ವಿರಾನ್‌ಮೆಂಟ್ ಕೀಲಿಯಿಂದ ಪಾತ್ ಅನ್ನು ವಿಸ್ತರಿಸದೆ ಓದಿ. ಮೈಕ್ರೋಸಾಫ್ಟ್‌ನ ಡಾಟ್‌ನೆಟ್‌ನಲ್ಲಿ ರಿಜಿಸ್ಟ್ರಿ ಓದುವ ಗೆಟ್‌ವ್ಯಾಲ್ಯೂಗೆ ಇದಕ್ಕೆಂದೇ ಆಯ್ಕೆಯಿದೆ. ಫೋಲ್ಡರ್ ಮೊದಲೇ ಇದೆಯೇ ನೋಡಿ, ಇಲ್ಲದಿದ್ದರೆ ಸೇರಿಸಿ, ರೆಗ್ ಎಕ್ಸ್‌ಪ್ಯಾಂಡ್ ಎಸ್‌ಝಡ್ (ಓದುವಾಗ ಚರಾಂಶ ವಿಸ್ತರಿಸುವ ಪಠ್ಯ) ಬಗೆಯಲ್ಲೇ ಬರೆಯಿರಿ. ಬರೇ ರೆಗ್ ಎಸ್‌ಝಡ್ (ಸಾದಾ ಪಠ್ಯ) ಆದರೆ ಶೇಕಡಾ ಚಿಹ್ನೆಗಳು ಅಕ್ಷರಗಳಾಗಿಯೇ ಉಳಿಯುತ್ತವೆ. ಕೊನೆಗೆ ಎನ್ವಿರಾನ್‌ಮೆಂಟ್ ಎಂಬ ಪದದೊಡನೆ ಸೆಟ್ಟಿಂಗ್‌ಚೇಂಜ್ ಸಂದೇಶವನ್ನು ಎಲ್ಲ ಕಿಟಕಿಗಳಿಗೂ ಕಳಿಸಿ, ಇಲ್ಲದಿದ್ದರೆ ಎಕ್ಸ್‌ಪ್ಲೋರರ್‌ಗೆ ಬದಲಾವಣೆ ಗೊತ್ತಾಗದು. ತೆರೆದಿರುವ ಕಮಾಂಡ್ ಕಿಟಕಿಗೆ ಏನು ಮಾಡಿದರೂ ತಲುಪದು, ಹೊಸದನ್ನು ತೆರೆಯಬೇಕು.

ಸೆಟ್‌ಎಕ್ಸ್ ಈಗಾಗಲೇ ಹೊಡೆದಿದ್ದೀರಾ? ಆ ಕಿಟಕಿಯನ್ನು ಮುಚ್ಚಬೇಡಿ. ಅದರಲ್ಲಿ ಹಳೆಯ ಪಾತ್ ಇನ್ನೂ ಇದೆ. ಪಾತ್ ಎಂದು ಟೈಪ್ ಮಾಡಿ, ಬಂದದ್ದನ್ನು ನೋಟ್‌ಪ್ಯಾಡ್‌ಗೆ ನಕಲಿಸಿಕೊಳ್ಳಿ.